ಗ್ರೀನ್ ಕಾರ್ಡ್‌ಗೆ ಕಾಯುತ್ತಾ ಅಮೆರಿಕದಲ್ಲಿ ಇರುವವರ ದಿನ ಹೇಗಿರುತ್ತದೆ? ಹವ್ಯಾಸ ಅಂತ ಏನಾದರೂ ಇರುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಚಿಂತಾಮಣಿಯಲ್ಲಿದ್ದೀರಿ. ನಿಮ್ಮ ಅಣ್ಣ ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಅಮೆರಿಕದಲ್ಲಿ ಎಚ್‌-1ಬಿ ಅನ್ನುವ ಕೆಲಸದ ವೀಸಾದ ಮೇಲಿದ್ದಾರೆ. ಅಲ್ಲೇ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡ್ ಏನಾಯ್ತು ಅಂತ ಕೇಳಿದರೆ ‘ನಡೀತಿದೆ’ ಅಂತ ಹೇಳಿ ಮಾತು ಮುಗಿಸುತ್ತಾರೆ. ಹಾಗಾದರೆ ಅಲ್ಲಿ ಅವರ ದಿನ ಹೇಗೆ ಕಳೆಯುತ್ತದೆ, ಕೆಲಸ ಬಿಟ್ಟು ಬೇರೆ ಏನಾದರೂ ಮಾಡುತ್ತಾರಾ, ಇಲ್ಲ ಆ ಕಾರ್ಡನ್ನೇ ನೆನೆಸಿಕೊಂಡು ಕೂತಿರುತ್ತಾರಾ ಅನ್ನುವುದು ನಿಮ್ಮ ಯೋಚನೆ.

ನಾನೂ ಅದೇ ಸಾಲಿನಲ್ಲಿ ಇರುವವನು. ನಮ್ಮೂರು ಕೋಲಾರದ ಹತ್ತಿರ, ಶ್ರೀನಿವಾಸಪುರ ರಸ್ತೆಯಲ್ಲಿ. ಸಂಸಾರ ಇರುವುದು ನ್ಯೂಜೆರ್ಸಿಯಲ್ಲಿ. ಸದ್ಯ ರಜೆ ಹಾಕಿ ಊರಿಗೆ ಬಂದಿದ್ದೇನೆ. ಪುರುಸೊತ್ತಿದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಕಾಯುವುದೇ ಕೆಲಸ ಅಂತ ಯಾರೂ ಕೂರುವುದಿಲ್ಲ, ಕೂತರೆ ತಲೆ ಕೆಡುತ್ತದೆ. ಆದರೆ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದನ್ನು ಮಾತ್ರ ಆ ವೀಸಾನೇ ತೀರ್ಮಾನ ಮಾಡುತ್ತದೆ. ಹವ್ಯಾಸದಲ್ಲೂ ಅಷ್ಟೇ. ನಿಮ್ಮ ಅಣ್ಣ ಒಂದೇ ಮಾತಿನಲ್ಲಿ ಮುಗಿಸುವುದು ಇದಕ್ಕೇ ಇರಬೇಕು. ಬಿಡಿಸಿ ಹೇಳಲು ಹೋದರೆ ಅರ್ಧ ಗಂಟೆ ಬರೀ ಕಾನೂನು ಹೇಳಬೇಕಾಗುತ್ತದೆ.

ಆ ಕಾನೂನು ಚುಟುಕಾಗಿ ಇಷ್ಟು. ಕೆಲಸದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತದೆ. ಹೆಂಡತಿ ಮಕ್ಕಳ ಕಾರ್ಡೂ ಆ ಲೆಕ್ಕದೊಳಗೇ ಬರುತ್ತದೆ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಹೆಚ್ಚುಕಡಿಮೆ ಶೇ 7ಕ್ಕಿಂತ ಜಾಸ್ತಿ ಇಲ್ಲ. ಇದು 1990ರ ಕಾಯ್ದೆ. ಐಸ್‌ಲ್ಯಾಂಡಿಗೂ ಅದೇ ಮಿತಿ, ಇಂಡಿಯಾಕ್ಕೂ ಅದೇ ಮಿತಿ. ಕಂಪನಿ ನಮ್ಮ ಪರವಾಗಿ ಮೊದಲ ಅರ್ಜಿ ಹಾಕಿದ ದಿನವೇ ನಮ್ಮ ಪ್ರಯಾರಿಟಿ ಡೇಟ್. ಸಾಲಿನಲ್ಲಿ ನಮ್ಮ ಜಾಗ ಅದು. ಆಮೇಲೆ ಪ್ರತಿ ತಿಂಗಳು ‘ವೀಸಾ ಬುಲೆಟಿನ್’ ಅಂತ ಒಂದು ಪಟ್ಟಿ ಬರುತ್ತದೆ, ಯಾವ ತಾರೀಖಿನವರೆಗೆ ಬಂದಿದೆ ಅಂತ. 2025ರಲ್ಲಿ ಕೂಡ ಇಂಡಿಯಾದ ಇಬಿ-2 ಸಾಲು, ಅಂದರೆ ಹೆಚ್ಚಿನ ಪದವಿ ಇದ್ದವರ ಸಾಲು, 2012-13ರ ಆಸುಪಾಸಿನಲ್ಲೇ ಇತ್ತು. ನನ್ನದು 2016ರ ಡೇಟ್. ಲೆಕ್ಕ ನೀವೇ ಹಾಕಿಕೊಳ್ಳಿ. ಅದೂ ಸರಿಯಾಗಿ ಬರುವುದಿಲ್ಲ, ಯಾಕೆಂದರೆ ಈ ಪಟ್ಟಿ ಒಂದೊಂದು ಸಲ ಹಿಂದಕ್ಕೂ ಹೋಗುತ್ತದೆ.

ನಮ್ಮಪ್ಪ ದಿನಾ ಕೋಲಾರ ಎಪಿಎಂಸಿಯ ಟೊಮೆಟೊ ರೇಟು ಕೇಳುವ ಹಾಗೆ ನಾವು ತಿಂಗಳಿಗೊಮ್ಮೆ ಈ ಬುಲೆಟಿನ್ ನೋಡುತ್ತೇವೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಅಪ್ಪನ ತೋಟದಲ್ಲಿ ಟೊಮೆಟೊ ಇರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಇಬಿ-3 ಅನ್ನುವ ಪಕ್ಕದ ಸಾಲಿನವರು (ಮಾಮೂಲಿ ಪದವಿ, ಕೌಶಲದ ಕೆಲಸದವರು) ಗ್ರೀನ್ ಕಾರ್ಡಿಗೆ ಕೊನೆಯ ಅರ್ಜಿ ಹಾಕುವ ತಾರೀಖು ಒಂದೇ ಸಲ 2015ರ ಜನವರಿಗೆ ಹಾರಿತು. ನನ್ನ ಡೇಟ್ ಅದಕ್ಕೂ ಈಚೆಗೆ. ಆವತ್ತು ಅಪ್ಪ ಫೋನಿನಲ್ಲಿ ‘ಹೋಗ್ಲಿ ಬಿಡಪ್ಪ, ಇದ್ದೋರಿಗೆ ಬಂತು’ ಅಂದರು. ಮಾರ್ಕೆಟ್ ನೋಡಿ ನೋಡಿ ಪಳಗಿದವರು.

ದಿನಚರಿಯಲ್ಲಿ ವಿಶೇಷ ಏನೂ ಇಲ್ಲ. ಬೆಳಿಗ್ಗೆ ಮಗಳ ಡಬ್ಬಿ ಕಟ್ಟುವುದು, ಆಫೀಸು, ಸಂಜೆ ಅಂಗಡಿ, ಅಡುಗೆ, ಪಾತ್ರೆ. ರಾತ್ರಿ ಒಂಬತ್ತಕ್ಕೆ ಊರಿಗೆ ಫೋನು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೆ ಇಲ್ಲಿ ಬೆಳಿಗ್ಗೆ ಆರೂವರೆ. ಅಮ್ಮ ಡೈರಿಗೆ ಹಾಲು ಹಾಕಿ ಬರುವ ಹೊತ್ತು. ಎಷ್ಟು ಲೀಟರ್ ಆಯ್ತು, ಫ್ಯಾಟ್ ಎಷ್ಟು ಬಂತು, ಯಾರ ಮನೆಯ ಬೋರ್‌ನಲ್ಲಿ ನೀರು ಬಂತು. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, 2018ರಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರಲು ಶುರುವಾದ ಮೇಲೆ ಈ ಬೋರ್ ಮಾತು ಸ್ವಲ್ಪ ಉತ್ಸಾಹದ್ದಾಗಿದೆ. ಆಮೇಲೆ ನಿದ್ದೆ.

ಕಾಯುವುದು ಕಾಣಿಸುವುದು ಬೇರೆ ಕಡೆ. ಡ್ರೈವಿಂಗ್ ಲೈಸೆನ್ಸನ್ನು ನಮ್ಮ ವೀಸಾ ಅವಧಿ ಮುಗಿಯುವ ತಾರೀಖಿನವರೆಗೆ ಮಾತ್ರ ಕೊಡುತ್ತಾರೆ. ಹಾಗಾಗಿ ವೀಸಾ ನವೀಕರಣದ ಕಾಗದ ಕೈಗೆ ಬಂದ ತಕ್ಷಣ ಲೈಸೆನ್ಸ್ ಕೊಡುವ ಆಫೀಸಿಗೆ ಓಡಬೇಕು. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ ಗಡುವು. ಅಷ್ಟರೊಳಗೆ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಈ ಗಡುವಿಗೆ ಹೆದರಿಯೇ ಕೆಲವರು ಮನೆಗೆ ಸಾಮಾನು ತರುವುದಿಲ್ಲ. ಇಬ್ಬರು ಮಕ್ಕಳಿದ್ದೂ ವರ್ಷಗಟ್ಟಲೆ ಮಡಚುವ ಕುರ್ಚಿಯಲ್ಲೇ ಕೂತಿರುವ ಮನೆಗಳನ್ನು ನೋಡಿದ್ದೇನೆ. ಗೋಡೆಗೆ ಒಂದು ಮೊಳೆ ಹೊಡೆದಿರುವುದಿಲ್ಲ. ಕೇಳಿದರೆ ‘ಕಾರ್ಡ್ ಬರಲಿ, ಆಮೇಲೆ’ ಅನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸೋಫಾ ತರುವುದಕ್ಕೆ ಯಾವ ಪ್ರಯಾರಿಟಿ ಡೇಟೂ ಬೇಕಿಲ್ಲ.

ಈಗ ಹವ್ಯಾಸಕ್ಕೆ ಬರುತ್ತೇನೆ. ಎಚ್‌-1ಬಿಯಲ್ಲಿ ಇರುವವರು ಅರ್ಜಿ ಹಾಕಿದ ಕಂಪನಿಗೆ ಬಿಟ್ಟು ಬೇರೆ ಯಾರಿಗೂ ದುಡಿಯುವಂತಿಲ್ಲ. ಸಂಜೆ ಹೊತ್ತು ಟ್ಯೂಷನ್ ಹೇಳಿ ನಾಲ್ಕು ಕಾಸು, ವಾರಾಂತ್ಯದಲ್ಲಿ ಅಡುಗೆ ಮಾಡಿಕೊಟ್ಟು ನಾಲ್ಕು ಕಾಸು, ಇದೆಲ್ಲ ಆಗದು. ನನಗೆ ಕ್ಯಾಮೆರಾ ಹುಚ್ಚು. ಕಾಲೇಜಿನಲ್ಲಿದ್ದಾಗ ಗೆಳೆಯನ ಕ್ಯಾಮೆರಾ ಹಿಡಿದು ಅಂತರಗಂಗೆ ಬೆಟ್ಟದ ಬಂಡೆಗಳ ಸಂದಿನಲ್ಲಿ ಹತ್ತಿಸಿಕೊಂಡ ಹುಚ್ಚು. ನ್ಯೂಜೆರ್ಸಿಯಲ್ಲಿ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಕ್ಕೆ ಸುಮ್ನೆ ಫೋಟೋ ತೆಗೆದುಕೊಡುತ್ತಿದ್ದೆ. ಜನಕ್ಕೆ ಹಿಡಿಸಿತು. ನಾಮಕರಣ, ಸೀಮಂತ, ಗೃಹಪ್ರವೇಶ ಅಂತ ಕರೆಯಲು ಶುರು ಮಾಡಿದರು. ದುಡ್ಡು ಎಷ್ಟು ಅಂತಲೂ ಕೇಳಿದರು. ಲಾಯರ್ ಹತ್ತಿರ ವಿಚಾರಿಸಿದೆ. ‘ಒಂದು ಡಾಲರೂ ಬೇಡ’ ಅಂದರು. ನಾಳೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಅನುಮತಿ ಇಲ್ಲದೆ ದುಡಿದಿದ್ದೀರಾ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ.

ಒಂದು ಸೀಮಂತ ಮುಗಿಸಿ ಹೊರಟಾಗ ಆ ಮನೆಯ ಯಜಮಾನರು ಪಾರ್ಕಿಂಗ್‌ವರೆಗೆ ಹಿಂದೆಯೇ ಬಂದರು. ದಾವಣಗೆರೆ ಕಡೆಯವರು. ಕೈಯಲ್ಲಿ ಕವರು. ನಾನು ಬೇಡ ಅಂದೆ. ‘ಅಯ್ಯೋ, ಶುಭಕಾರ್ಯ ಸಾರ್, ಬರಿಗೈಲಿ ಕಳಿಸಬಾರದು’ ಅಂತ ಅವರು. ವೀಸಾ ಕಥೆ ಹೇಳಿದೆ. ಅವರೂ ಅದೇ ವೀಸಾದಲ್ಲಿದ್ದವರು, ತಕ್ಷಣ ಅರ್ಥವಾಯಿತು, ಕವರು ಜೇಬಿಗೆ ಹೋಯಿತು. ಆದರೆ ಅವರ ಅತ್ತೆಗೆ ಇದು ಯಾವುದೂ ಒಪ್ಪಿಗೆಯಾಗಲಿಲ್ಲ. ಒಳಗೆ ಹೋಗಿ ಒಂದು ಡಬ್ಬಿ ತುಂಬ ಕೋಡುಬಳೆ ತಂದು ಕಾರಿನ ಸೀಟಿನ ಮೇಲೆ ಇಟ್ಟರು. ಕೋಡುಬಳೆಗೆ ಯಾವ ಫಾರಂ ತುಂಬಬೇಕು ಅಂತ ನಾನು ಲಾಯರ್ ಹತ್ತಿರ ಕೇಳಲು ಹೋಗಲಿಲ್ಲ.

ನನ್ನ ಹೆಂಡತಿಯದು ಇನ್ನೊಂದು ಥರ. ಅವಳ ಊರು ಮುಳಬಾಗಿಲು. ಎಚ್‌-4 ಅನ್ನುವ, ನಮ್ಮಂಥವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾದ ಮೇಲೆ ಬಂದವಳು. ಗಂಡನ ಗ್ರೀನ್ ಕಾರ್ಡಿಗೆ ಅಂತ ಕಂಪನಿ ಹಾಕುವ ಐ-140 ಅನ್ನುವ ಅರ್ಜಿ ಮಂಜೂರಾಗಿದ್ದರೆ ಹೆಂಡತಿ ಕೆಲಸದ ಪರವಾನಗಿ ಕೇಳಬಹುದು ಅಂತ 2015ರಲ್ಲಿ ನಿಯಮ ಬಂತು. ನನ್ನದು ಮಂಜೂರಾಗುವವರೆಗೆ ಅವಳಿಗೆ ಮನೆಯೇ ಗತಿ. ಎಂಕಾಂ ಓದಿದವಳು. ಬೇಜಾರು ಕಳೆಯಲು ವಿಡಿಯೋ ನೋಡಿಕೊಂಡು ರವಿಕೆಗೆ ಆರಿ ವರ್ಕ್ ಹಾಕುವುದನ್ನು ಕಲಿತಳು. ಡೈನಿಂಗ್ ಟೇಬಲ್ ಮೇಲೆ ಚೌಕಟ್ಟು, ಅದರ ತುಂಬ ಮಣಿ, ಜರಿ. ಆಗ ಕೇವಲ ಹವ್ಯಾಸ. ಪರವಾನಗಿ ಕೈಗೆ ಬಂದ ಮೇಲೆ ಆರ್ಡರ್ ತೆಗೆದುಕೊಳ್ಳಲು ಶುರು ಮಾಡಿದಳು. ಈಗ ಅವಳ ಹವ್ಯಾಸ ದುಡ್ಡು ತರುತ್ತದೆ, ನನ್ನದು ದುಡ್ಡು ತಿನ್ನುತ್ತದೆ. ಹೊಸ ಲೆನ್ಸ್ ಬೇಕು ಅಂದಾಗಲೆಲ್ಲ ಈ ಮಾತು ಬರುತ್ತದೆ.

ಆದರೆ ನನಗೆ ನಿಜವಾಗಿ ಹಿಡಿದಿರುವುದು ಅವರೆಕಾಯಿ.

ನಮ್ಮ ಟೌನ್‌ಶಿಪ್‌ನಲ್ಲಿ ಕಮ್ಯುನಿಟಿ ಗಾರ್ಡನ್ ಅಂತ ಇದೆ. ವರ್ಷಕ್ಕಿಷ್ಟು ಅಂತ ಕಟ್ಟಿದರೆ ಒಂದು ತುಂಡು ನೆಲ ಕೊಡುತ್ತಾರೆ. ನವೆಂಬರ್ ಬರುವಷ್ಟರಲ್ಲಿ ಎಲ್ಲ ಕಿತ್ತು ನೆಲ ಖಾಲಿ ಮಾಡಿಕೊಡಬೇಕು. ಗಿಡ ಹಾಕಬಹುದು, ಮರ ನೆಡುವಂತಿಲ್ಲ. ನನ್ನ ಎಡಕ್ಕೆ ಒಬ್ಬರು ಪೋಲೆಂಡಿನ ಅಜ್ಜ, ಬಲಕ್ಕೆ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು, ಎದುರಿಗೆ ಮೆಂತ್ಯ ಬೆಳೆಯುವ ಗುಜರಾತಿ ಆಂಟಿ.

ಮೊದಲ ಬೇಸಿಗೆಯಲ್ಲಿ ಎಡಿಸನ್‌ನ ಓಕ್ ಟ್ರೀ ರಸ್ತೆಯ ಅಂಗಡಿಯಿಂದ ಒಣ ಅವರೆಕಾಳು ತಂದು ಹಾಕಿದೆ. ಚೆನ್ನಾಗಿ ಮೊಳೆಯಿತು. ಜುಲೈ ಹೊತ್ತಿಗೆ ಚಪ್ಪರದ ತುಂಬ ಬಳ್ಳಿ, ಕಣ್ಣು ತುಂಬುವಷ್ಟು ಹಸಿರು. ಹೂವು ಮಾತ್ರ ಒಂದೂ ಇಲ್ಲ. ಆಗಸ್ಟ್ ಬಂತು, ಆಗಲೂ ಇಲ್ಲ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರು ನೋಡಿ ನಕ್ಕರು. ‘ಅದು ಚಳಿಗಾಲದ ಬೆಳೆ ಕಣಪ್ಪ. ಹೊತ್ತು ಕುಗ್ಗಬೇಕು. ಆವಾಗ ಹೂ ಕಟ್ತದೆ. ಅಲ್ಲಿವರೆಗೂ ಬರೀ ಸೊಪ್ಪೇ.’

ವಿಷಯ ಅದೇ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುತ್ತದೆ. ಕೋಲಾರದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದು ಕಷ್ಟ. ನ್ಯೂಜೆರ್ಸಿಯಲ್ಲಿ ಅದು ಹದಿನೈದು ಗಂಟೆ. ಹಗಲು ಕುಗ್ಗಿ ಬಳ್ಳಿಗೆ ಸಮಾಧಾನ ಆಗುವಷ್ಟರಲ್ಲಿ ಸೆಪ್ಟೆಂಬರ್ ಕೊನೆ. ಆಗ ಹೂ ಬಿಟ್ಟಿತು. ಕಾಯಿ ಕಟ್ಟಿ, ಇನ್ನೇನು ಕಾಳು ತುಂಬಬೇಕು ಅನ್ನುವಾಗ ಅಕ್ಟೋಬರ್ ಕೊನೆಗೆ ಹಿಮ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಬಳ್ಳಿಯೆಲ್ಲ ಕಪ್ಪಗೆ ಬೇಯಿಸಿದ ಸೊಪ್ಪಿನ ಥರ ಜೋತುಬಿದ್ದಿತ್ತು.

ಪೋಲೆಂಡಿನ ಅಜ್ಜನಿಗೆ ಮಾತ್ರ ಆ ಹೂವು ಬಹಳ ಹಿಡಿಸಿತು. ಅಮೆರಿಕದಲ್ಲಿ ಅವರೆಯನ್ನು ಅಂಗಳದ ಅಲಂಕಾರಕ್ಕೆ ಬೆಳೆಯುತ್ತಾರೆ, ನೇರಳೆ ಹೂವು, ನೇರಳೆ ಕಾಯಿ ಬಿಡುವ ಜಾತಿಯನ್ನು. ಒಣಗಿದ ಕಾಳು ವಿಷ, ತಿನ್ನಬೇಡ ಅಂತ ಅವರು ನನಗೆ ಬುದ್ಧಿ ಹೇಳಿದರು. ಅದರಲ್ಲಿ ಸತ್ಯ ಇಲ್ಲದೆ ಇಲ್ಲ. ಒಣ ಕಾಳಿನಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ, ಚೆನ್ನಾಗಿ ಬೇಯಿಸಿ ನೀರು ಬಸಿಯಬೇಕು. ನಮ್ಮ ಜಿಲ್ಲೆಯವರು ಚಳಿಗಾಲ ಪೂರ್ತಿ ಅವರೆ ತಿಂದೇ ಬದುಕುತ್ತೇವೆ ಅಂದೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ನಂಬಿದ ಹಾಗೆ ಕಾಣಲಿಲ್ಲ.

ದಾರಿ ತೋರಿಸಿದ್ದು ಸಿಲ್ಹೆಟ್‌ನವರು. ಅವರ ಕಡೆ ಇದಕ್ಕೆ ‘ಶಿಮ್’ ಅನ್ನುತ್ತಾರೆ. ಅವರ ಹತ್ತಿರ ಆಗಸ್ಟ್‌ನಲ್ಲೇ ಹೂ ಬಿಡುವ ಬೀಜ ಇತ್ತು. ಕಾಗದದಲ್ಲಿ ಮಡಚಿ ಒಂದು ಹಿಡಿ ಕೊಟ್ಟರು. ಮರುವರ್ಷ ಏಪ್ರಿಲ್‌ನಲ್ಲೇ ಕಿಟಕಿ ಹತ್ತಿರ ಲೋಟಗಳಲ್ಲಿ ಸಸಿ ಮಾಡಿಕೊಂಡೆ. ಸೆಪ್ಟೆಂಬರ್‌ಗೆ ಕಾಯಿ ಬಂತು. ಅಗಲ, ಚಪ್ಪಟೆ, ಸಿಪ್ಪೆ ಸಮೇತ ಪಲ್ಯಕ್ಕೆ ಚೆನ್ನ. ಸೊಗಡು ಇಲ್ಲ. ಇಬ್ಬನಿ ಬಿದ್ದ ಬೆಳಿಗ್ಗೆ ಕಿತ್ತ ಕೋಲಾರದ ಕಾಯಿ ಕೈಗೆ ಅಂಟುತ್ತದಲ್ಲ, ಸೋಪು ಹಾಕಿ ತೊಳೆದರೂ ಸಂಜೆವರೆಗೆ ವಾಸನೆ ಹೋಗುವುದಿಲ್ಲವಲ್ಲ, ಅದು ಇದರಲ್ಲಿ ಎಳ್ಳಷ್ಟೂ ಇಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಹಂಗಿಲ್ಲದೆ ಹೂ ಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಮಾಡಿದ್ದಾರೆ. ಅದಕ್ಕೂ ಅಪ್ಪ ಇದೇ ದೂರು ಹೇಳಿ ಮೂಗು ಮುರಿಯುತ್ತಾರೆ.

ಆದರೂ ಆ ಕಾಯಲ್ಲೇ ಹಿತಕಿದ ಬೇಳೆ ಸಾರು ಮಾಡಿದೆವು. ಕಾಳು ಬಿಡಿಸಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಟೇಬಲ್ ಸುತ್ತ ಕೂತೆವು. ನಾವು ಮೂವರು, ಜೊತೆಗೆ ಮಾಲೂರಿನ ಕಡೆಯ ಒಂದು ಸಂಸಾರ. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಕಾಳು ಹಿಡಿದು ಒತ್ತಬೇಕು, ಬೇಳೆ ಪುಳಕ್ಕನೆ ಹೊರಗೆ ಬರಬೇಕು. ಮಗಳಿಗೆ ಅದು ಗುರಿ ಹೊಡೆಯುವ ಆಟ. ಒಂದು ಬೇಳೆ ಸೀಲಿಂಗ್ ದೀಪಕ್ಕೆ ಬಡಿಯಿತು, ಇನ್ನೊಂದು ಮಾಲೂರಿನವರ ಕಾಫಿ ಲೋಟಕ್ಕೆ ಬಿತ್ತು. ಎರಡು ಗಂಟೆ ಒತ್ತಿದ ಮೇಲೆ ಸಿಕ್ಕಿದ್ದು ಒಂದು ಬೋಗುಣಿ. ಮುದ್ದೆಗೆ ಎಲ್ಲರಿಗೂ ಎರಡೆರಡು ಸೌಟು ಬಂತು. ಆವತ್ತು ಯಾರೂ ವೀಸಾ ಮಾತು ಎತ್ತಲಿಲ್ಲ. ಇಂಡಿಯಾದವರು ನಾಲ್ಕು ಜನ ಸೇರಿದರೆ ಅದು ಅಪರೂಪ.

ಉಳಿದ ಹವ್ಯಾಸಗಳು ಎಲ್ಲರಿಗೂ ಇರುವಂಥವೇ. ಟೆನಿಸ್ ಬಾಲ್ ಕ್ರಿಕೆಟ್ ಇದೆ, ಮಂಡಿ ನೋವು ಬರುವವರೆಗೆ. ಲೈಬ್ರರಿ ಪುಕ್ಕಟೆ, ಅದನ್ನು ಬಳಸದವರು ದಡ್ಡರು ಅಂತಲೇ ನನ್ನ ಅಭಿಪ್ರಾಯ. ಅಪಲಾಚಿಯನ್ ಟ್ರೇಲ್ ಅನ್ನುವ ಕಾಲುದಾರಿ ನ್ಯೂಜೆರ್ಸಿಯಲ್ಲಿ ಸುಮಾರು 115 ಕಿಲೋಮೀಟರ್ ಹಾದುಹೋಗುತ್ತದೆ, ಅದನ್ನು ತುಂಡು ತುಂಡಾಗಿ ನಡೆಯುತ್ತೇವೆ. ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಸಂಬಳ ಇಲ್ಲದ ಸೇವೆ, ಹಾಗಾಗಿ ವೀಸಾದ ತಂಟೆ ಇಲ್ಲ. ಮಕ್ಕಳು ‘ಳ’ ಬರೆಯಲು ಪಡುವ ಕಷ್ಟ ನೋಡಬೇಕು ನೀವು.

ನಗು ಬರದ ವಿಷಯವೂ ಒಂದಿದೆ, ಅದನ್ನು ಹೇಳದೆ ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಇಂಡಿಯಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಲ್ಲಿಗೆ ಹೋದ ಮಕ್ಕಳು 21 ತುಂಬಿದರೆ ಸಾಮಾನ್ಯವಾಗಿ ಅಪ್ಪ ಅಮ್ಮನ ಸಾಲಿನಿಂದ ಹೊರಗೆ ಬೀಳುತ್ತಾರೆ. ಆಮೇಲೆ ವಿದ್ಯಾರ್ಥಿ ವೀಸಾವೋ, ಬೇರೆ ಇನ್ನೇನೋ ಮಾಡಿಕೊಳ್ಳಬೇಕು. ಅಂಥ ಮಗ, ಮಗಳು ಇರುವ ಮನೆಗಳಲ್ಲಿ ಬುಲೆಟಿನ್ ಬಂದ ದಿನ ಊಟ ಸರಿಯಾಗಿ ಇಳಿಯುವುದಿಲ್ಲ. ನಮ್ಮ ಮಗಳು ಅಲ್ಲೇ ಹುಟ್ಟಿದವಳು, ಹುಟ್ಟಿನಿಂದಲೇ ಅಲ್ಲಿಯ ಪ್ರಜೆ. ಅವಳಿಗೆ 21 ಆದ ಮೇಲೆ ಅವಳೇ ನಮಗೆ ಅರ್ಜಿ ಹಾಕಬಹುದು. ಯಾವುದು ಮೊದಲು ಬರುತ್ತೋ ನೋಡೋಣ ಅಂತ ಮನೆಯಲ್ಲಿ ತಮಾಷೆ ಮಾಡುತ್ತೇವೆ. ನಿಮ್ಮ ಅಣ್ಣನ ಮಕ್ಕಳು ಎಲ್ಲಿ ಹುಟ್ಟಿದವರು ಅನ್ನುವುದರ ಮೇಲೆ ಅವರ ಮನೆಯ ವಾತಾವರಣ ಬಹಳ ಮಟ್ಟಿಗೆ ನಿಂತಿರುತ್ತದೆ.

ಊರಿಗೆ ಬರುವುದೂ ಸುಲಭ ಅಲ್ಲ. ಅಲ್ಲಿರಲು ಅನುಮತಿ ಇದ್ದರೂ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿರಬಹುದು. ಹೊರಗೆ ಬಂದರೆ ಮತ್ತೆ ಮುದ್ರೆ ಹಾಕಿಸಿಕೊಳ್ಳದೆ ಒಳಗೆ ಹೋಗುವಂತಿಲ್ಲ. ಅದಕ್ಕೇ ಎಷ್ಟೋ ಜನ ಮದುವೆ, ತಿಥಿ ಎಲ್ಲ ಫೋನಿನಲ್ಲೇ ನೋಡುತ್ತಾರೆ. ನಾನು ಬಂಗಾರಪೇಟೆಯಲ್ಲಿ ರೈಲು ಹತ್ತಿ ಚೆನ್ನೈಗೆ ಹೋಗಿ ಬಂದೆ. ಒಂದು ದಿನ ಬೆರಳಚ್ಚು, ಫೋಟೋ. ಇನ್ನೊಂದು ದಿನ ಕಾನ್ಸುಲೇಟಿನಲ್ಲಿ ಸಂದರ್ಶನ. ಈಗ ಪಾಸ್‌ಪೋರ್ಟ್ ವಾಪಸ್ ಬರುವುದನ್ನು ಕಾಯುತ್ತಿದ್ದೇನೆ. ಪಕ್ಕದ ಮನೆ ಅಜ್ಜಿ ದಿನಾ ವಿಚಾರಿಸುತ್ತಾರೆ. ಎಲ್ಲ ಕೇಳಿಸಿಕೊಂಡು ನಿನ್ನೆ, ‘ತಾಲ್ಲೂಕಾಫೀಸಲ್ಲಿ ಯಾರ ಕೈಲಾದ್ರೂ ಒಂದು ಮಾತು ಹೇಳಿಸಬಾರದಾ?’ ಅಂದರು.

ನಿಮ್ಮ ಅಣ್ಣನ ಹತ್ತಿರ ‘ಕಾರ್ಡ್ ಬಂತಾ’ ಅಂತ ಕೇಳುವುದನ್ನು ಬಿಡಿ. ಬಂದರೆ ಅವರೇ ಅರ್ಧರಾತ್ರಿಯಲ್ಲಿ ಎಬ್ಬಿಸಿ ಹೇಳುತ್ತಾರೆ. ಶನಿವಾರ ಏನು ಮಾಡಿದಿರಿ, ಏನು ಬೆಳೆದಿರಿ, ಯಾರ ಮೇಲೆ ಮ್ಯಾಚ್ ಸೋತಿರಿ ಅಂತ ಕೇಳಿ ನೋಡಿ. ಮಾತು ತಾನಾಗಿ ಬರುತ್ತದೆ.

ಅವರಿಗೂ ತೋಟದ ಹುಚ್ಚಿದ್ದರೆ ಒಂದು ಎಚ್ಚರಿಕೆ. ಪ್ರೀತಿಗೆ ಅಂತ ಇಲ್ಲಿಂದ ಬಿತ್ತನೆ ಬೀಜ ಕಳಿಸಬೇಡಿ, ಪೋಸ್ಟಿನಲ್ಲೂ ಬೇಡ, ಬರುವವರ ಸೂಟ್‌ಕೇಸಿನಲ್ಲೂ ಬೇಡ. ರೋಗ, ಕೀಟ ಇಲ್ಲ ಅಂತ ಸರ್ಕಾರ ಕೊಡುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಇಲ್ಲದೆ ಬಂದ ಬೀಜವನ್ನು ಅಲ್ಲಿ ಕಿತ್ತುಕೊಳ್ಳುತ್ತಾರೆ. ಅಲ್ಲಿಯ ಕಸ್ಟಮ್ಸ್‌ನಲ್ಲಿ ಹೇಳದೆ ಒಯ್ದು ಸಿಕ್ಕಿಬಿದ್ದರೆ ದಂಡ ಬೇರೆ. ವೀಸಾದ ಮೇಲೆ ಇರುವವರಿಗೆ ಅಂಥ ಒಂದು ದಾಖಲೆ ಯಾಕೆ ಬೇಕು? ಅವರೆಬೇಳೆ ಮಿಕ್ಸ್ಚರ್ ಕಳಿಸಿ. ಅಂಗಡಿಯಲ್ಲಿ ಸೀಲ್ ಮಾಡಿದ ಪ್ಯಾಕೆಟ್ ಆಗಿರಲಿ, ಮತ್ತೆ ಒಯ್ಯುವವರಿಗೆ ಅದನ್ನು ಕಸ್ಟಮ್ಸ್‌ನಲ್ಲಿ ತಿಳಿಸಲು ಹೇಳಿ.